ಟೈಮ್‌ಲೈನ್ ಓಡಾಟಕ್ಕೆ ನಿಮ್ಮದೇ ಕೀಗಳು: ಪ್ರೀಮಿಯರ್ ಪ್ರೋನಲ್ಲಿ ಶಾರ್ಟ್‌ಕಟ್ ಬದಲಾಯಿಸುವುದು ಹೇಗೆ

ಒಂದು ಸಲ ಹೀಗೆ ಮಾಡಿ ನೋಡಿ. ವಿಡಿಯೋ ಎಡಿಟ್‌ಗೆ ಕೂರುವಾಗ ಕೀಬೋರ್ಡ್ ಪಕ್ಕ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಕಟ್ ಮಾಡಿದಾಗಲೆಲ್ಲ ಎಡಗಡೆ ಒಂದು ಗೀಟು ಹಾಕಿ. ಪ್ಲೇಹೆಡ್ ಅನ್ನು, ಅಂದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಮೇಲೆ ನಾವು ಈಗ ಎಲ್ಲಿದ್ದೇವೆ ಅಂತ ತೋರಿಸುವ ಗೆರೆಯನ್ನು, ಸುಮ್ನೆ ಇಲ್ಲಿಂದ ಅಲ್ಲಿಗೆ ಒಯ್ದಾಗಲೆಲ್ಲ ಬಲಗಡೆ ಒಂದು ಗೀಟು. ಅರ್ಧ ಗಂಟೆ ಸಾಕು. ನಾನು ಮಾಡಿದಾಗ ಎಡಗಡೆ ಒಂದೂವರೆ ಸಾಲು ಆಯಿತು, ಬಲಗಡೆ ಹಾಳೆ ತುಂಬಿ ಹಿಂದಿನ ಪುಟಕ್ಕೆ ತಿರುಗಿಸಬೇಕಾಯಿತು.

ಅಂದರೆ ನಾವು ಎಡಿಟಿಂಗ್ ಅಂತ ಕರೆಯುವುದರಲ್ಲಿ ಬಹುಪಾಲು ಬರೀ ಓಡಾಟ. ಆ ಕಟ್‌ಗೆ ಹೋಗು, ನಾಲ್ಕು ಫ್ರೇಮ್ ಹಿಂದೆ ಬಾ, ಇನ್ನೊಂದು ಸಲ ಪ್ಲೇ ಮಾಡು, ಮುಂದಿನ ಕಟ್‌ಗೆ ಹೋಗು. ಈ ಓಡಾಟದ ಕೀಗಳೋ, ಕೀಬೋರ್ಡಿನ ಬಲತುದಿಯಲ್ಲಿವೆ: ಬಾಣದ ಕೀಗಳು, ಹೋಮ್, ಎಂಡ್. ಬಲಗೈ ಮೌಸ್ ಬಿಟ್ಟು ಅಲ್ಲಿಗೆ ಹೋಗಬೇಕು, ಒತ್ತಬೇಕು, ಮತ್ತೆ ಮೌಸ್ ಹುಡುಕಿಕೊಂಡು ಬರಬೇಕು. ಎಡಗೈ ಮಾತ್ರ ಕೀಬೋರ್ಡ್ ಮೇಲೆ ಆರಾಮಾಗಿ ಕೂತಿರುತ್ತದೆ, ಅದರ ಕೆಳಗೆ ಇರುವುದು ಹೆಚ್ಚಾಗಿ ನಾವು ವಾರಕ್ಕೊಮ್ಮೆ ಮುಟ್ಟುವ ಟೂಲ್‌ಗಳು. ಇದನ್ನು ತಿರುವುಮುರುವು ಮಾಡುವುದೇ ಈ ಬರಹದ ಕೆಲಸ. ನಾನು ದಿನಾ ಬಳಸುವುದು ವಿಂಡೋಸ್‌ನಲ್ಲಿ ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋ, ಹಾಗಾಗಿ ಅದರ ಮೇಲೆಯೇ ಹೇಳುತ್ತೇನೆ. ಇಂಥವೇ ಬೇರೆ ಸಾಫ್ಟ್‌ವೇರ್‌ಗಳಾದ ರಿಸಾಲ್ವ್, ಫೈನಲ್ ಕಟ್, ಕೆಡೆನ್‌ಲೈವ್ ಬಗ್ಗೆ ಕೊನೆಯಲ್ಲಿ ಸ್ವಲ್ಪ ಇದೆ.

ಬದಲಾಯಿಸುವ ಮುಂಚೆ, ಇರುವುದೇನು?

ಎಷ್ಟೋ ಜನ ಇರುವ ಶಾರ್ಟ್‌ಕಟ್‌ಗಳನ್ನೇ ನೋಡದೆ ಹೊಸದು ಮಾಡಲು ಹೊರಡುತ್ತಾರೆ. ಮೊದಲು ಇವನ್ನು ಒಂದು ದಿನ ಬಳಸಿ ನೋಡಿ. ಎಡ ಬಲ ಬಾಣ ಒಂದೊಂದು ಫ್ರೇಮ್ ಸರಿಸುತ್ತವೆ. ಶಿಫ್ಟ್ ಹಿಡಿದು ಒತ್ತಿದರೆ ಐದು ಫ್ರೇಮ್. ಮೇಲಿನ ಬಾಣ ಹಿಂದಿನ ಕಟ್‌ಗೆ, ಕೆಳಗಿನ ಬಾಣ ಮುಂದಿನ ಕಟ್‌ಗೆ. ಹೋಮ್ ಅಂದರೆ ಆರಂಭ, ಎಂಡ್ ಅಂದರೆ ಕೊನೆ. ಶಿಫ್ಟ್ ಐ ಒತ್ತಿದರೆ ಇನ್ ಪಾಯಿಂಟ್‌ಗೆ (ಬೇಕಾದ ಭಾಗದ ಶುರುವಿಗೆ ಹಾಕಿದ ಗುರುತು), ಶಿಫ್ಟ್ ಓ ಒತ್ತಿದರೆ ಔಟ್ ಪಾಯಿಂಟ್‌ಗೆ (ಅದರ ಕೊನೆಗೆ ಹಾಕಿದ ಗುರುತು) ಹೋಗುತ್ತದೆ. ಎಂ ಒಂದು ಮಾರ್ಕರ್, ಅಂದರೆ ನೆನಪಿನ ಗುರುತು, ಹಾಕುತ್ತದೆ, ಶಿಫ್ಟ್ ಎಂ ಮುಂದಿನ ಮಾರ್ಕರ್, ಕಂಟ್ರೋಲ್ ಶಿಫ್ಟ್ ಎಂ ಹಿಂದಿನದು. ಹಿಂದಿನ ಓರೆಗೆರೆ ಕೀ, ಅಂದರೆ ಎಂಟರ್ ಮೇಲಿರುವ ಬ್ಯಾಕ್‌ಸ್ಲ್ಯಾಶ್, ಇಡೀ ಸೀಕ್ವೆನ್ಸ್ ಅನ್ನು, ಅಂದರೆ ಟೈಮ್‌ಲೈನ್‌ನಲ್ಲಿ ಜೋಡಿಸಿದ್ದನ್ನೆಲ್ಲ, ಪರದೆಯ ಅಗಲಕ್ಕೆ ಹೊಂದಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲಿದ್ದ ಝೂಮ್‌ಗೇ ವಾಪಸ್. ಈ ಎರಡನೇ ಒತ್ತು ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ತಡವಾಗಿಯೇ ಗೊತ್ತಾಯಿತು.

ಆಮೇಲೆ ಜೆ, ಕೆ, ಎಲ್. ಜೆ ಹಿಂದಕ್ಕೆ ಓಡಿಸುತ್ತದೆ, ಕೆ ನಿಲ್ಲಿಸುತ್ತದೆ, ಎಲ್ ಮುಂದಕ್ಕೆ. ಎಲ್ ಅನ್ನು ಮತ್ತೆ ಮತ್ತೆ ಒತ್ತಿದಷ್ಟೂ ವೇಗ ಜಾಸ್ತಿ. ಕೆ ಒತ್ತಿ ಹಿಡಿದು ಎಲ್ ಅನ್ನು ಒಮ್ಮೆ ತಟ್ಟಿದರೆ ಒಂದೇ ಫ್ರೇಮ್ ಸರಿಯುತ್ತದೆ, ಎರಡನ್ನೂ ಹಿಡಿದೇ ಇದ್ದರೆ ನಿಧಾನವಾಗಿ ಓಡುತ್ತದೆ. ಈ ಮೂರನ್ನು ಮಾತ್ರ ದಯವಿಟ್ಟು ಬದಲಾಯಿಸಬೇಡಿ. ಪ್ರೀಮಿಯರ್, ರಿಸಾಲ್ವ್, ಫೈನಲ್ ಕಟ್, ಅವಿಡ್, ಕೆಡೆನ್‌ಲೈವ್, ಎಲ್ಲಿ ಹೋದರೂ ಇವು ಇದೇ ಕೆಲಸ ಮಾಡುತ್ತವೆ. ಜೆ ಮೇಲೆ ಬೆರಳಿಗೆ ತಾಗುವ ಒಂದು ಉಬ್ಬು ಗೆರೆ ಬೇರೆ ಇರುತ್ತದೆ, ಕಣ್ಣು ಮುಚ್ಚಿ ಹುಡುಕಬಹುದು.

ಐದು ಫ್ರೇಮ್ ಕಡಿಮೆ ಅನ್ನಿಸಿದರೆ ಅದಕ್ಕೆ ಶಾರ್ಟ್‌ಕಟ್ ಬದಲಾಯಿಸಬೇಕಿಲ್ಲ. ಪ್ರಿಫರೆನ್ಸಸ್‌ನಲ್ಲಿ ಪ್ಲೇಬ್ಯಾಕ್ ಅಂತ ಇದೆ, ಅಲ್ಲಿ ಸ್ಟೆಪ್ ಫಾರ್ವರ್ಡ್ ಬ್ಯಾಕ್ ಮೆನಿ ಅನ್ನುವ ಸಂಖ್ಯೆಯನ್ನು ಬದಲಾಯಿಸಿ. ನಾನು ಸೆಕೆಂಡಿಗೆ 25 ಫ್ರೇಮಿನ ಸೀಕ್ವೆನ್ಸ್‌ನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ 25 ಇಟ್ಟಿದ್ದೇನೆ. ಶಿಫ್ಟ್ ಜೊತೆ ಒಂದು ಒತ್ತಿಗೆ ಸರಿಯಾಗಿ ಒಂದು ಸೆಕೆಂಡು.

ಶಾರ್ಟ್‌ಕಟ್ ಕಿಟಕಿಯಲ್ಲಿ ಏನೇನಿದೆ

ಕಂಟ್ರೋಲ್ ಆಲ್ಟ್ ಕೆ ಒತ್ತಿ. ಅಥವಾ ಎಡಿಟ್ ಮೆನುವಿನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ಆರಿಸಿ. ಮ್ಯಾಕ್‌ನಲ್ಲಾದರೆ ಕಮಾಂಡ್ ಆಪ್ಷನ್ ಕೆ. ಮೇಲೆ ಇಡೀ ಕೀಬೋರ್ಡಿನ ಚಿತ್ರ, ಕೆಳಗೆ ಕಮಾಂಡ್‌ಗಳ ಉದ್ದನೆಯ ಪಟ್ಟಿ, ಅದರ ಮೇಲೆ ಹುಡುಕುವ ಡಬ್ಬಿ.

ಚಿತ್ರದ ಬಣ್ಣಗಳನ್ನು ಸ್ವಲ್ಪ ನೋಡಿಕೊಳ್ಳಿ. ನೇರಳೆ ಕೀ ಇಡೀ ಸಾಫ್ಟ್‌ವೇರ್‌ಗೆ ಅನ್ವಯಿಸುತ್ತದೆ. ಹಸಿರು ಕೀ ಯಾವುದೋ ಒಂದು ಪ್ಯಾನೆಲ್‌ಗೆ, ಅಂದರೆ ಪರದೆಯ ಒಂದು ಭಾಗಕ್ಕೆ, ಮಾತ್ರ. ಅರ್ಧ ನೇರಳೆ ಅರ್ಧ ಹಸಿರು ಇದ್ದರೆ ಎರಡೂ ಇದೆ, ಮತ್ತು ಆ ಪ್ಯಾನೆಲ್ ಒಳಗಿರುವಾಗ ಗೆಲ್ಲುವುದು ಹಸಿರೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ. ಚಿತ್ರದಲ್ಲಿ ಒಂದು ಕೀ ಮೇಲೆ ಕ್ಲಿಕ್ ಮಾಡಿದರೆ, ಆ ಕೀಯನ್ನು ಬರೀ ಒತ್ತಿದರೆ ಏನು, ಶಿಫ್ಟ್ ಜೊತೆ ಏನು, ಕಂಟ್ರೋಲ್ ಜೊತೆ ಏನು ಅನ್ನುವುದೆಲ್ಲ ಪಕ್ಕದಲ್ಲಿ ಬರುತ್ತದೆ. ಖಾಲಿ ಜಾಗ ಹುಡುಕಲು ಇದೇ ಸುಲಭದ ದಾರಿ.

ಯಾವುದನ್ನೂ ಮುಟ್ಟುವ ಮುಂಚೆ ಸೇವ್ ಆ್ಯಸ್ ಒತ್ತಿ ನಿಮ್ಮದೊಂದು ಹೆಸರು ಕೊಟ್ಟುಬಿಡಿ. ಆಮೇಲೆ ಏನು ಗೋಜಲು ಮಾಡಿಕೊಂಡರೂ ಮೇಲಿನ ಪಟ್ಟಿಯಿಂದ ಡಿಫಾಲ್ಟ್ ಆರಿಸಿದರೆ ಹಳೆಯದು ಹಾಗೇ ಇರುತ್ತದೆ.

ಈಗ ಒಂದನ್ನು ಬದಲಾಯಿಸೋಣ. ಹುಡುಕುವ ಡಬ್ಬಿಯಲ್ಲಿ ಎಡಿಟ್ ಪಾಯಿಂಟ್ ಅಂತ ಟೈಪ್ ಮಾಡಿ. ಗೋ ಟು ನೆಕ್ಸ್ಟ್ ಎಡಿಟ್ ಪಾಯಿಂಟ್ ಸಿಗುತ್ತದೆ, ಅದರ ಎದುರು ಕೆಳಬಾಣ ಇರುತ್ತದೆ. ಆ ಬಾಣದ ಮೇಲೆಯೇ ಕ್ಲಿಕ್ ಮಾಡಬೇಡಿ. ಅದರ ಬಲಕ್ಕೆ ಇರುವ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ, ಹೊಸ ಡಬ್ಬಿ ತೆರೆಯುತ್ತದೆ. ಈಗ ನಿಮಗೆ ಬೇಕಾದ ಕೀ ಒತ್ತಿ. ಹೀಗೆ ಮಾಡಿದರೆ ಹಳೆಯ ಬಾಣವೂ ಕೆಲಸ ಮಾಡುತ್ತದೆ, ಹೊಸ ಕೀಯೂ ಕೆಲಸ ಮಾಡುತ್ತದೆ. ಒಂದೇ ಕಮಾಂಡ್‌ಗೆ ಎರಡು ಮೂರು ಕೀ ಇರಬಹುದು, ಯಾರೂ ಬೇಡ ಅನ್ನುವುದಿಲ್ಲ. ಕಮಾಂಡ್ ಅನ್ನು ಪಟ್ಟಿಯಿಂದ ಎಳೆದು ಚಿತ್ರದ ಕೀ ಮೇಲೆ ಬಿಟ್ಟರೂ ನಡೆಯುತ್ತದೆ, ಆದರೆ ನನಗೆ ಒತ್ತಿ ಕೊಡುವುದೇ ಇಷ್ಟ. ಯಾಕೆಂದರೆ ಒತ್ತುವಾಗಲೇ ಬೆರಳಿಗೆ ಆ ಜಾಗ ಸರಿಯಾ ಇಲ್ಲವಾ ಅಂತ ಗೊತ್ತಾಗಿಬಿಡುತ್ತದೆ.

ಆ ಕೀ ಈಗಾಗಲೇ ಬೇರೆಯವರ ಪಾಲಾಗಿದ್ದರೆ ಕಿಟಕಿಯ ಕೆಳಗೆ ಒಂದು ಎಚ್ಚರಿಕೆ ಬರುತ್ತದೆ: ಇದು ಇಂಥ ಕಮಾಂಡ್‌ನ ಕೀ ಆಗಿತ್ತು, ಈಗ ಅಲ್ಲಿಂದ ತೆಗೆದಿದ್ದೇವೆ ಅಂತ. ಇದನ್ನು ಓದದೆ ಓಕೆ ಒತ್ತುವುದೇ ಎಲ್ಲ ಗೋಳಿನ ಮೂಲ. ಓದಿ. ಅದು ನಿಮಗೆ ಬೇಕಾದ ಕಮಾಂಡ್ ಆಗಿದ್ದರೆ ಅನ್‌ಡೂ ಒತ್ತಿ, ಇಲ್ಲವೇ ಅದಕ್ಕೆ ಬೇರೆ ಮನೆ ಹುಡುಕಿ ಕೊಡಿ.

ನನ್ನ ಎಡಗೈಯ ಕೆಳಗೆ ಏನಿದೆ

ಇದು ನನ್ನ ಜೋಡಣೆ. ನಿಮ್ಮದು ಹೀಗೇ ಇರಬೇಕಿಲ್ಲ, ಆದರೆ ಯಾಕೆ ಹೀಗೆ ಮಾಡಿದೆ ಅನ್ನುವುದು ಉಪಯೋಗಕ್ಕೆ ಬರಬಹುದು.

ಎ ಕೀಗೆ ಹಿಂದಿನ ಕಟ್, ಎಸ್ ಕೀಗೆ ಮುಂದಿನ ಕಟ್. ಪಕ್ಕಪಕ್ಕದಲ್ಲಿವೆ, ಎಡಗಡೆಯದು ಹಿಂದೆ, ಬಲಗಡೆಯದು ಮುಂದೆ. ಟೈಮ್‌ಲೈನ್ ಕೂಡ ಎಡದಿಂದ ಬಲಕ್ಕೇ ಹೋಗುತ್ತದಲ್ವಾ, ಹಾಗಾಗಿ ಯೋಚನೆ ಮಾಡಬೇಕಾಗಿಲ್ಲ. ಮೇಲ್ಬಾಣ ಅಂದರೆ ಹಿಂದೆ, ಕೆಳಬಾಣ ಅಂದರೆ ಮುಂದೆ ಅನ್ನುವ ಡಿಫಾಲ್ಟ್ ನನ್ನ ತಲೆಗೆ ಯಾವತ್ತೂ ಪೂರ್ತಿ ಇಳಿಯಲಿಲ್ಲ, ಇವತ್ತಿಗೂ ಹತ್ತರಲ್ಲಿ ಒಂದು ಸಲ ತಪ್ಪು ಬಾಣ ಒತ್ತುತ್ತೇನೆ.

ಆದರೆ ಎ ಮತ್ತು ಎಸ್ ಖಾಲಿ ಇರಲಿಲ್ಲ. ಎ ಕೀ ಟ್ರ್ಯಾಕ್ ಸೆಲೆಕ್ಟ್ ಫಾರ್ವರ್ಡ್ ಟೂಲ್‌ನದು, ಅಂದರೆ ಇಲ್ಲಿಂದ ಮುಂದಿನದೆಲ್ಲವನ್ನೂ ಹಿಡಿಯುವ ಟೂಲ್. ಅದು ನನಗೆ ಬೇಕೇ ಬೇಕು. ಎಸ್ ಕೀ ಸ್ನ್ಯಾಪ್‌ನದು, ಅಂದರೆ ಎಳೆದ ಕ್ಲಿಪ್ ಪಕ್ಕದ ಕಟ್‌ಗೆ ತಾನೇ ಅಂಟಿಕೊಳ್ಳುವಂತೆ ಮಾಡುವುದು, ಅದೂ ಬೇಕು. ಹಾಗಾಗಿ ಎರಡನ್ನೂ ಬೇರೆ ಕಡೆ ಕೂರಿಸಿದೆ. ಟ್ರ್ಯಾಕ್ ಸೆಲೆಕ್ಟ್ ಹೋಗಿ ಬಿ ಮೇಲೆ ಕೂತಿತು, ಸ್ನ್ಯಾಪ್ ಹೋಗಿ ಎನ್ ಮೇಲೆ. ಬಿ ಮೊದಲು ರಿಪಲ್ ಎಡಿಟ್ ಟೂಲ್ ಆಗಿತ್ತು (ಕ್ಲಿಪ್‌ನ ಉದ್ದ ಬದಲಿಸಿ ಮುಂದಿನದನ್ನೆಲ್ಲ ಜೊತೆಗೇ ಸರಿಸುವುದು), ಎನ್ ರೋಲಿಂಗ್ ಎಡಿಟ್ ಟೂಲ್ (ಎರಡು ಕ್ಲಿಪ್ ನಡುವಿನ ಕಟ್ ಅನ್ನು ಮಾತ್ರ ಸರಿಸುವುದು). ಈ ಎರಡಕ್ಕೂ ಪ್ರತ್ಯೇಕ ಕೀ ಇಲ್ಲದಿದ್ದರೂ ನಷ್ಟವಿಲ್ಲ. ಸೆಲೆಕ್ಷನ್ ಟೂಲ್‌ನಲ್ಲೇ ಇದ್ದು ಕಂಟ್ರೋಲ್ ಒತ್ತಿ ಹಿಡಿದು ಕಟ್ ಹತ್ತಿರ ಮೌಸ್ ಒಯ್ದರೆ ರಿಪಲ್ ಬರುತ್ತದೆ, ಸರಿಯಾಗಿ ಕಟ್ ಮೇಲೆಯೇ ಒಯ್ದರೆ ರೋಲ್ ಬರುತ್ತದೆ. ಇನ್ನೊಂದು ಲಾಭ ಏನೆಂದರೆ ರಿಸಾಲ್ವ್‌ನಲ್ಲೂ ಸ್ನ್ಯಾಪ್‌ಗೆ ಡಿಫಾಲ್ಟ್ ಕೀ ಎನ್ ಅದೇ. ಎರಡು ಕಡೆ ಓಡಾಡುವವರಿಗೆ ಒಂದು ಗೊಂದಲ ಕಡಿಮೆ.

ನೋಡಿ, ಒಂದು ಕೀ ಬದಲಾಯಿಸಲು ಹೋದರೆ ಹೀಗೆ ಮೂರು ಮನೆ ಖಾಲಿ ಮಾಡಿಸಬೇಕಾಗುತ್ತದೆ. ಅದಕ್ಕೇ ಕಾಗದದ ಮೇಲೆ ಮೊದಲು ಬರೆದುಕೊಳ್ಳಿ ಅನ್ನುವುದು.

ಶಿಫ್ಟ್ ಎ, ಶಿಫ್ಟ್ ಎಸ್ ಹಿಂದಿನ ಮತ್ತು ಮುಂದಿನ ಮಾರ್ಕರ್. ಶಿಫ್ಟ್ ಎ ಮೇಲೆ ಟ್ರ್ಯಾಕ್ ಸೆಲೆಕ್ಟ್ ಬ್ಯಾಕ್‌ವರ್ಡ್ ಇತ್ತು, ಅದನ್ನು ಬಿಟ್ಟೇಬಿಟ್ಟೆ. ಅದನ್ನು ಕೊನೆಯ ಸಲ ಯಾವಾಗ ಬಳಸಿದೆನೋ ನೆನಪಿಲ್ಲ.

ಕ್ಯೂ ಮತ್ತು ಡಬ್ಲ್ಯು ಡಿಫಾಲ್ಟ್ ಹೇಗಿದೆಯೋ ಹಾಗೇ. ಕ್ಯೂ ಒತ್ತಿದರೆ ಹಿಂದಿನ ಕಟ್‌ನಿಂದ ಪ್ಲೇಹೆಡ್‌ವರೆಗೆ ಇರುವುದನ್ನು ಕತ್ತರಿಸಿ ಜಾಗವನ್ನೂ ಮುಚ್ಚುತ್ತದೆ, ಡಬ್ಲ್ಯು ಒತ್ತಿದರೆ ಪ್ಲೇಹೆಡ್‌ನಿಂದ ಮುಂದಿನ ಕಟ್‌ವರೆಗೆ. ಈಗ ಎ, ಎಸ್ ಇವುಗಳ ಕೆಳಗೇ ಬಂದಿರುವುದರಿಂದ ಹೋಗುವುದು, ಕತ್ತರಿಸುವುದು ಎರಡೂ ಒಂದೇ ಜಾಗದಲ್ಲಿ ಆಗುತ್ತದೆ. ಡಿ ಕೂಡ ಹಾಗೇ ಇದೆ, ಪ್ಲೇಹೆಡ್ ಕೆಳಗಿರುವ ಕ್ಲಿಪ್ ಹಿಡಿಯಲು. ಇ ಮೇಲೆ ಮಾತ್ರ ಆ್ಯಡ್ ಎಡಿಟ್ ಹಾಕಿಕೊಂಡಿದ್ದೇನೆ. ಅದು ಓಡಾಟವಲ್ಲ, ಕಟ್. ಆದರೆ ಕಂಟ್ರೋಲ್ ಕೆ ಒತ್ತಲು ಕೈ ಅಗಲಿಸಿ ಸಾಕಾಗಿತ್ತು.

ಝೆಡ್ ಮೇಲೆ ಝೂಮ್ ಟು ಸೀಕ್ವೆನ್ಸ್, ಅಂದರೆ ಬ್ಯಾಕ್‌ಸ್ಲ್ಯಾಶ್ ಮಾಡುವ ಕೆಲಸ. ಮೊದಲು ಅಲ್ಲಿ ಝೂಮ್ ಟೂಲ್ ಇತ್ತು. ಆಲ್ಟ್ ಹಿಡಿದು ಮೌಸ್ ಚಕ್ರ ತಿರುಗಿಸಿದರೆ ಝೂಮ್ ಆಗುವಾಗ ಆ ಭೂತಗನ್ನಡಿ ಯಾರಿಗೆ ಬೇಕು?

ಕೊನೆಯದು ಆರ್. ನನ್ನ ಮೆಚ್ಚಿನ ಕೀ ಇದೇ. ಅಲ್ಲಿದ್ದ ರೇಟ್ ಸ್ಟ್ರೆಚ್ ಟೂಲ್ ತೆಗೆದುಹಾಕಿದೆ, ವೇಗ ಬದಲಾಯಿಸಲು ಕಂಟ್ರೋಲ್ ಆರ್ ಇದ್ದೇ ಇದೆ. ಅದರ ಬದಲು ಮೂವ್ ಪ್ಲೇಹೆಡ್ ಟು ಕರ್ಸರ್ ಅನ್ನುವ ಕಮಾಂಡ್ ಹುಡುಕಿ ಅದಕ್ಕೆ ಆರ್ ಕೊಟ್ಟೆ. ಇದಕ್ಕೆ ಡಿಫಾಲ್ಟ್ ಆಗಿ ಯಾವ ಕೀಯೂ ಇಲ್ಲದ್ದರಿಂದ ಇದು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಮೌಸ್ ಟೈಮ್‌ಲೈನ್ ಮೇಲೆ ಎಲ್ಲಿದೆಯೋ, ಕೀ ಒತ್ತಿದ ತಕ್ಷಣ ಪ್ಲೇಹೆಡ್ ಅಲ್ಲಿಗೆ ಹಾರುತ್ತದೆ. ಮೇಲಿನ ರೂಲರ್‌ವರೆಗೆ ಮೌಸ್ ಒಯ್ದು ಕ್ಲಿಕ್ ಮಾಡುವ ಕೆಲಸ ತಪ್ಪಿತು.

ಗಟ್ಟಿಮೇಳ ಹುಡುಕುವ ಆಟ

ಇದೆಲ್ಲ ಕೂಡಿ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಮದುವೆ ವಿಡಿಯೋದಲ್ಲಿ ತೋರಿಸುತ್ತೇನೆ. ನಾಲ್ಕು ಗಂಟೆಯ ಫುಟೇಜ್ ಒಂದೇ ಟೈಮ್‌ಲೈನ್‌ನಲ್ಲಿ ಬಿದ್ದಿದೆ ಅಂದುಕೊಳ್ಳಿ. ಮೊದಲು ಬೇಕಾದದ್ದು ಮಾಂಗಲ್ಯಧಾರಣೆ. ಓಡಿಸಿ ಓಡಿಸಿ ಹುಡುಕುತ್ತೀರಾ?

ಝೆಡ್ ಒತ್ತಿ. ನಾಲ್ಕು ಗಂಟೆಯೂ ಪರದೆಯ ಅಗಲಕ್ಕೆ ಬಂತು. ಈಗ ಆಡಿಯೋ ಟ್ರ್ಯಾಕ್‌ನ ಅಲೆಗಳನ್ನು ನೋಡಿ. ಮಂತ್ರ ಹೇಳುವಾಗ ತೆಳ್ಳಗೆ ಗೆರೆ ಹೋಗುತ್ತಿರುತ್ತದೆ, ಊಟದ ಹೊತ್ತಿನಲ್ಲಿ ಒಂದೇ ಸಮನೆ ಗುಜುಗುಜು. ನಡುವೆ ಒಂದು ಕಡೆ ಇದ್ದಕ್ಕಿದ್ದಂತೆ ಅಲೆ ಉಬ್ಬಿ ಟ್ರ್ಯಾಕ್‌ನ ಮೇಲಿನ ಅಂಚಿಗೆ ಬಡಿಯುತ್ತದೆ. ಅದೇ ಗಟ್ಟಿಮೇಳ. ಓಲಗ, ಡೋಲು ಎಲ್ಲ ಒಟ್ಟಿಗೆ ಏರಿದ ಜಾಗ. ಮೌಸ್ ಅನ್ನು ಆ ಉಬ್ಬಿನ ಎಡ ಅಂಚಿಗೆ ಒಯ್ದು ಆರ್ ಒತ್ತಿ. ಪ್ಲೇಹೆಡ್ ಬಂತು. ಆಲ್ಟ್ ಹಿಡಿದು ಚಕ್ರ ತಿರುಗಿಸಿ ಹತ್ತಿರ ಹೋಗಿ. ಸ್ಪೇಸ್ ಒತ್ತಿ ನೋಡಿ. ಗಟ್ಟಿಮೇಳ ಒಂದಕ್ಕಿಂತ ಜಾಸ್ತಿ ಸಲ ಬಾರಿಸಿರುತ್ತಾರೆ, ಮೊದಲ ಉಬ್ಬು ಧಾರೆಯದೂ ಆಗಿರಬಹುದು. ಅಲ್ಲ ಅನ್ನಿಸಿದರೆ ಮತ್ತೆ ಝೆಡ್, ಮುಂದಿನ ಉಬ್ಬು, ಮತ್ತೆ ಆರ್. ಸಿಕ್ಕಿತಾ? ಎಂ ಒತ್ತಿ ಮಾರ್ಕರ್ ಹಾಕಿ.

ಹೀಗೆ ಮುಖ್ಯ ಘಟ್ಟಗಳಿಗೆಲ್ಲ ಮಾರ್ಕರ್ ಹಾಕಿದ ಮೇಲೆ, ಶಿಫ್ಟ್ ಎಸ್ ಒತ್ತುತ್ತಾ ಹೋದರೆ ಇಡೀ ಮದುವೆಯನ್ನು ಹತ್ತು ಹೆಜ್ಜೆಯಲ್ಲಿ ನಡೆದು ಮುಗಿಸಬಹುದು. ಆಮೇಲೆ ಒಂದೊಂದು ಘಟ್ಟದೊಳಗೆ ಎ, ಎಸ್, ಕ್ಯೂ, ಡಬ್ಲ್ಯು. ಬಲಗೈ ಮೌಸ್ ಬಿಟ್ಟು ಏಳಬೇಕಾದದ್ದು ಜೆ ಕೆ ಎಲ್‌ಗೆ ಮತ್ತು ಕಾಫಿಗೆ ಮಾತ್ರ.

ಪ್ಲೇ ಆಗುವಾಗ ಪ್ಲೇಹೆಡ್ ಪರದೆಯ ಆಚೆ ಓಡಿಹೋಗಿ ಹುಡುಕಾಡುವಂತಾದರೆ ಪ್ರಿಫರೆನ್ಸಸ್‌ನ ಟೈಮ್‌ಲೈನ್ ವಿಭಾಗದಲ್ಲಿ ಆಟೋ ಸ್ಕ್ರೋಲಿಂಗ್ ನೋಡಿ. ಪೇಜ್ ಸ್ಕ್ರೋಲ್ ಇಟ್ಟರೆ ಪುಟ ತಿರುಗಿಸಿದ ಹಾಗೆ ಮುಂದೆ ಹೋಗುತ್ತದೆ. ಸ್ಮೂತ್ ಸ್ಕ್ರೋಲ್‌ನಲ್ಲಿ ಪ್ಲೇಹೆಡ್ ನಡುವೆ ನಿಂತು ಟೈಮ್‌ಲೈನೇ ಜಾರುತ್ತದೆ. ಕೆಲವರಿಗೆ ಅದು ಇಷ್ಟ, ನನಗೆ ತಲೆ ಸುತ್ತುತ್ತದೆ.

ಕೀ ಒತ್ತಿದರೂ ಏನೂ ಆಗುತ್ತಿಲ್ಲ!

ಹೊಸ ಕೀ ಹಾಕಿದವರು ಮೊದಲ ದಿನವೇ ಹೇಳುವ ಮಾತು ಇದು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಶಾರ್ಟ್‌ಕಟ್‌ದಲ್ಲ.

ಮೊದಲು ಯಾವ ಪ್ಯಾನೆಲ್ ಸುತ್ತ ನೀಲಿ ಗೆರೆ ಇದೆ ನೋಡಿ. ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಒಂದು ಕ್ಲಿಪ್ ಮುಟ್ಟಿ ಬಂದಿದ್ದರೆ ನೀವು ಒತ್ತುವ ಬಾಣವೆಲ್ಲ ಅಲ್ಲಿನ ಕ್ಲಿಪ್‌ಗಳ ನಡುವೆ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಶಿಫ್ಟ್ 3 ಒತ್ತಿ, ಟೈಮ್‌ಲೈನ್‌ಗೆ ಬರುತ್ತೀರಿ. ಶಿಫ್ಟ್ 1 ಪ್ರಾಜೆಕ್ಟ್, ಶಿಫ್ಟ್ 2 ಸೋರ್ಸ್ ಮಾನಿಟರ್, ಶಿಫ್ಟ್ 4 ಪ್ರೋಗ್ರಾಂ ಮಾನಿಟರ್. ಹಿಂದೆ ಹೇಳಿದ ಹಸಿರು ಕೀಗಳ ಕಥೆಯೂ ಇಲ್ಲೇ ಬರುತ್ತದೆ: ನೀವು ಇಡೀ ಸಾಫ್ಟ್‌ವೇರ್‌ಗೆ ಅಂತ ಕೊಟ್ಟ ಕೀಯನ್ನು ಯಾವುದೋ ಪ್ಯಾನೆಲ್ ತನ್ನದು ಅಂತ ಇಟ್ಟುಕೊಂಡಿದ್ದರೆ, ಆ ಪ್ಯಾನೆಲ್ ಒಳಗೆ ನಿಮ್ಮದು ನಡೆಯುವುದಿಲ್ಲ. ಇನ್ನು ಟೈಟಲ್ ಬರೆಯುವಾಗ ಕರ್ಸರ್ ಅಕ್ಷರಗಳ ನಡುವೆ ಮಿನುಗುತ್ತಿದ್ದರೆ ಎ ಒತ್ತಿದರೆ ಎ ಅಕ್ಷರವೇ ಬೀಳುತ್ತದೆ. ಎಸ್ಕೇಪ್ ಒತ್ತಿ ಹೊರಗೆ ಬನ್ನಿ.

ಎರಡನೆಯದು ಇನ್ನೂ ಗುಟ್ಟಾದದ್ದು. ಟೈಮ್‌ಲೈನ್‌ನ ಎಡಗಡೆ ಟ್ರ್ಯಾಕ್ ಹೆಸರುಗಳು ಇರುತ್ತವಲ್ಲ, ವಿ1, ವಿ2, ಎ1 ಅಂತ. ಅವು ನೀಲಿಯಾಗಿ ಹೊತ್ತಿಕೊಂಡಿದ್ದರೆ ಮಾತ್ರ ಆ ಟ್ರ್ಯಾಕ್‌ನ ಕಟ್‌ಗಳಲ್ಲಿ ಪ್ಲೇಹೆಡ್ ನಿಲ್ಲುತ್ತದೆ. ವಿ1 ಆರಿಹೋಗಿದ್ದರೆ ಅಲ್ಲಿ ನೂರು ಕಟ್ ಇದ್ದರೂ ಎಸ್ ಕೀಗೆ ಅವು ಕಾಣುವುದಿಲ್ಲ, ಹಾರಿ ಎಲ್ಲೋ ಹೋಗಿ ನಿಲ್ಲುತ್ತದೆ. ಇದನ್ನು ದೋಷ ಅಂದುಕೊಂಡು ನಾನು ಒಂದು ಮಧ್ಯಾಹ್ನವಿಡೀ ಶಾರ್ಟ್‌ಕಟ್ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಸಾಫ್ಟ್‌ವೇರನ್ನೇ ಅಳಿಸಿ ಮತ್ತೆ ಹಾಕಿದ್ದೆ. ನಿಜವಾಗಿ ನೋಡಿದರೆ ಇದು ವರ. ಮಾತಿನ ಕ್ಲಿಪ್‌ಗಳು ವಿ1ನಲ್ಲಿ, ಮೇಲೆ ಹೊದಿಸಿದ ಶಾಟ್‌ಗಳು ವಿ2ನಲ್ಲಿ ಇದ್ದಾಗ, ವಿ1 ಮಾತ್ರ ಹೊತ್ತಿಸಿಕೊಂಡರೆ ಮಾತಿನಿಂದ ಮಾತಿಗೆ ಹಾರಬಹುದು. ಎಲ್ಲ ಟ್ರ್ಯಾಕ್‌ಗಳಲ್ಲೂ ನಿಲ್ಲಬೇಕು ಅಂದರೆ ಅದಕ್ಕೆ ಬೇರೆ ಕಮಾಂಡ್ ಇದೆ, ಆನ್ ಎನಿ ಟ್ರ್ಯಾಕ್ ಅಂತ ಕೊನೆಯಲ್ಲಿರುತ್ತದೆ, ಡಿಫಾಲ್ಟ್ ಆಗಿ ಶಿಫ್ಟ್ ಜೊತೆ ಮೇಲ್ಬಾಣ ಮತ್ತು ಕೆಳಬಾಣ.

ನಂಬರ್‌ಪ್ಯಾಡ್ ಇರುವವರಿಗೆ ಇನ್ನೊಂದು ಮಾತು. ಟೈಮ್‌ಲೈನ್‌ನಲ್ಲಿ ಯಾವ ಕ್ಲಿಪ್ ಅನ್ನೂ ಹಿಡಿಯದೆ ಪ್ಲಸ್ ಒತ್ತಿ 100 ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ಲೇಹೆಡ್ ಒಂದು ಸೆಕೆಂಡು ಮುಂದೆ ಹೋಗುತ್ತದೆ. ನೂರು ಫ್ರೇಮ್ ಅಲ್ಲ, ಒಂದು ಸೆಕೆಂಡು ಸೊನ್ನೆ ಫ್ರೇಮ್ ಅಂತ ಓದಬೇಕು. ಎರಡು ಸೊನ್ನೆ ಬದಲು ಒಂದು ಚುಕ್ಕೆ ಹಾಕಿದರೂ ಆಗುತ್ತದೆ: ಪ್ಲಸ್ 5 ಚುಕ್ಕೆ ಅಂದರೆ ಐದು ಸೆಕೆಂಡು. ಕ್ಲಿಪ್ ಹಿಡಿದಿರುವಾಗ ಇದನ್ನೇ ಮಾಡಿದರೆ ಪ್ಲೇಹೆಡ್ ಬದಲು ಕ್ಲಿಪ್ ಸರಿದುಹೋಗುತ್ತದೆ, ಜೋಪಾನ.

ಕನ್ನಡ ಲೇಔಟ್ ಇಟ್ಟುಕೊಂಡವರಿಗೆ

ಟೈಟಲ್, ಸಬ್‌ಟೈಟಲ್ ಕನ್ನಡದಲ್ಲಿ ಬರೆಯುವವರ ಕಂಪ್ಯೂಟರ್‌ನಲ್ಲಿ ಎರಡು ಲೇಔಟ್ (ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ) ಇರುತ್ತವೆ. ಕನ್ನಡಕ್ಕೆ ಬದಲಾಯಿಸಿ ಒಂದು ಸಾಲು ಬರೆದು, ವಾಪಸ್ ಇಂಗ್ಲಿಷ್‌ಗೆ ತರುವುದನ್ನು ಮರೆತರೆ ಒಂದಕ್ಷರದ ಶಾರ್ಟ್‌ಕಟ್‌ಗಳು ಕೈಕೊಡಬಹುದು. ಇನ್‌ಸ್ಕ್ರಿಪ್ಟ್ ಲೇಔಟ್‌ನಲ್ಲಿ ಜೆ ಕೆ ಎಲ್ ಒತ್ತಿದರೆ ಬರುವುದು ರ ಕ ತ. ನಡುವೆ ಒಂದು ಅರ್ಧಾಕ್ಷರ ಬಿದ್ದರೆ ರಕ್ತವೇ. ಡೆಡ್‌ಲೈನ್ ದಿನ ಸರಿಯಾಗಿ ಹೊಂದುತ್ತದೆ.

ಇದಕ್ಕೆ ಎರಡು ಕೆಲಸ ಮಾಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆಯಿರಿ. ಒಂದೊಂದು ಆ್ಯಪ್ ಕಿಟಕಿಗೆ ಒಂದೊಂದು ಲೇಔಟ್ ಇರಲಿ ಅನ್ನುವ ಆಯ್ಕೆ ಅಲ್ಲಿದೆ, ಅದಕ್ಕೆ ಟಿಕ್ ಹಾಕಿ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರೆದು ಬಂದು ಪ್ರೀಮಿಯರ್‌ನಲ್ಲಿ ಅಂಟಿಸಿ. ಪ್ರೀಮಿಯರ್ ಯಾವಾಗಲೂ ಇಂಗ್ಲಿಷ್‌ನಲ್ಲೇ ಇರುತ್ತದೆ.

ಎರಡನೆಯದು, ಆಲ್ಟ್ ಮತ್ತು ಶಿಫ್ಟ್ ಎರಡೂ ಸೇರಿದ ಶಾರ್ಟ್‌ಕಟ್ ಮಾಡಬೇಡಿ. ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್ ಶಿಫ್ಟ್ ಒತ್ತಿದರೆ ಲೇಔಟ್ ಬದಲಾಗುತ್ತದೆ. ನೀವು ಮಾರ್ಕರ್‌ಗೆ ಹೋಗಲು ಒತ್ತಿದಿರಿ, ಕೀಬೋರ್ಡ್ ಕನ್ನಡಕ್ಕೆ ಹೋಯಿತು. ಭಾಷೆ ಬದಲಾಯಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಇದೆ, ಅದನ್ನೇ ರೂಢಿ ಮಾಡಿಕೊಳ್ಳಿ. ಬರೀ ಆಲ್ಟ್ ಜೊತೆ ಒಂದಕ್ಷರ ಕೊಡುವಾಗಲೂ ಹುಷಾರು: ಆಲ್ಟ್ ಎಫ್ ಫೈಲ್ ಮೆನು ತೆರೆಯುತ್ತದೆ, ಆಲ್ಟ್ ಎಸ್ ಸೀಕ್ವೆನ್ಸ್ ಮೆನು.

ಪ್ರೀಮಿಯರ್ ಅಲ್ಲದವರಿಗೆ

ಡಾವಿಂಚಿ ರಿಸಾಲ್ವ್‌ನಲ್ಲೂ ಕಂಟ್ರೋಲ್ ಆಲ್ಟ್ ಕೆ ಒತ್ತಿದರೆ ಕೀಬೋರ್ಡ್ ಕಸ್ಟಮೈಸೇಷನ್ ತೆರೆಯುತ್ತದೆ. ಅಲ್ಲಿ ಶಿಫ್ಟ್ ಜೊತೆ ಎಡ ಬಲ ಬಾಣ ಒತ್ತಿದರೆ ಆಗಲೇ ಒಂದು ಸೆಕೆಂಡು ಸರಿಯುತ್ತದೆ, ಶಿಫ್ಟ್ ಜೊತೆ ಮೇಲ್ಬಾಣ ಕೆಳಬಾಣ ಮಾರ್ಕರ್‌ಗಳ ನಡುವೆ ಓಡಾಡುತ್ತದೆ, ಶಿಫ್ಟ್ ಝೆಡ್ ಇಡೀ ಟೈಮ್‌ಲೈನ್ ತೋರಿಸುತ್ತದೆ. ಆದರೆ ಎ ಕೀ ಅಲ್ಲಿ ಸೆಲೆಕ್ಷನ್ ಟೂಲ್, ಅದನ್ನು ಕಿತ್ತರೆ ಕಷ್ಟ. ನನ್ನ ಹಾಗೆ ಎ, ಎಸ್ ಬೇಕೆನ್ನುವವರು ಮೇಲಿನ ಪಟ್ಟಿಯಿಂದ ಅಡೋಬಿ ಪ್ರೀಮಿಯರ್ ಪ್ರೋ ಪ್ರಿಸೆಟ್ ಆರಿಸಿ, ಮೂರು ಚುಕ್ಕೆಯ ಮೆನುವಿನಿಂದ ಹೊಸ ಹೆಸರಿನಲ್ಲಿ ಉಳಿಸಿ, ಆಮೇಲೆ ಕೈ ಹಾಕಿ. ಎಕ್ಸ್‌ಪೋರ್ಟ್ ಪ್ರಿಸೆಟ್ ಕೂಡ ಅದೇ ಮೆನುವಿನಲ್ಲಿದೆ.

ಫೈನಲ್ ಕಟ್‌ನಲ್ಲಿ ಕಮಾಂಡ್ ಆಪ್ಷನ್ ಕೆ. ಅಲ್ಲಿನ ಡಿಫಾಲ್ಟ್ ಜೋಡಣೆಯನ್ನು ನೇರವಾಗಿ ತಿದ್ದಲು ಆಗುವುದಿಲ್ಲ, ಮೊದಲು ಒಂದು ನಕಲು ಮಾಡಿಕೊಳ್ಳಬೇಕು. ಕೆಡೆನ್‌ಲೈವ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿನಲ್ಲಿ ಕಾನ್ಫಿಗರ್ ಕೀಬೋರ್ಡ್ ಶಾರ್ಟ್‌ಕಟ್ಸ್. ಆಲ್ಟ್ ಜೊತೆ ಎಡ ಬಲ ಬಾಣ ಒತ್ತಿದರೆ ಹಿಂದಿನ, ಮುಂದಿನ ಸ್ನ್ಯಾಪ್ ಪಾಯಿಂಟ್‌ಗೆ ಹೋಗುತ್ತದೆ. ಕಮಾಂಡ್ ಹುಡುಕುವಾಗ ಸ್ನ್ಯಾಪ್ ಅಂತ ಟೈಪ್ ಮಾಡಿದರೆ ಸಿಗುತ್ತದೆ.

ಅಭ್ಯಾಸ, ಮತ್ತು ಉಳಿಸಿಕೊಳ್ಳುವುದು

ಒಂದೇ ದಿನ ಇಪ್ಪತ್ತು ಕೀ ಬದಲಾಯಿಸಬೇಡಿ. ನಾನು ಮೊದಲ ಸಲ ಹಾಗೆ ಮಾಡಿ, ಮೂರನೇ ದಿನ ಎಲ್ಲ ಬಿಟ್ಟು ಡಿಫಾಲ್ಟ್‌ಗೆ ಓಡಿ ಬಂದಿದ್ದೆ. ಎರಡನೇ ಸಲ ಎ, ಎಸ್ ಎರಡೇ. ಒಂದು ಪ್ರಾಜೆಕ್ಟ್ ಮುಗಿಯುವವರೆಗೆ ಬೇರೇನೂ ಮುಟ್ಟಲಿಲ್ಲ. ಮೊದಲ ಎರಡು ದಿನ ಕೆಲಸ ನಿಧಾನವಾಗುತ್ತದೆ, ಸಿಟ್ಟು ಬರುತ್ತದೆ. ಆಮೇಲೆ ಒಂದು ದಿನ ಬಾಣದ ಕೀ ಮುಟ್ಟದೆ ಸಂಜೆಯಾಗಿರುತ್ತದೆ.

ನಿಮ್ಮ ಜೋಡಣೆ ಒಂದು ಸಣ್ಣ ಫೈಲ್ ಆಗಿ ಉಳಿದಿರುತ್ತದೆ, ಅದರ ಹೆಸರಿನ ಬಾಲ .kys. ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್ ಒಳಗೆ ಅಡೋಬಿ, ಅದರೊಳಗೆ ಪ್ರೀಮಿಯರ್ ಪ್ರೋ, ಅದರೊಳಗೆ ವರ್ಷನ್ ಸಂಖ್ಯೆ, ಅದರೊಳಗೆ ಪ್ರೊಫೈಲ್ ಅಂತ ಶುರುವಾಗುವ ಫೋಲ್ಡರ್, ಕೊನೆಗೆ ವಿನ್. ಮ್ಯಾಕ್‌ನಲ್ಲಿ ಕೊನೆಯ ಫೋಲ್ಡರ್ ಹೆಸರು ಮ್ಯಾಕ್. ಆ ಫೈಲ್ ಅನ್ನು ಪೆನ್‌ಡ್ರೈವ್‌ಗೆ ಒಂದು, ನಿಮ್ಮ ಮೇಲ್‌ಗೇ ಒಂದು ಕಳಿಸಿಕೊಳ್ಳಿ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹೇಳದೆ ಕೇಳದೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ, ಒಂದು ವರ್ಷ ತಿದ್ದಿ ತೀಡಿದ ಜೋಡಣೆ ಹೋಯಿತು. ಆಗ ಬೆರಳಿಗೆ ಎಲ್ಲ ನೆನಪಿತ್ತು, ತಲೆಗೆ ಒಂದೂ ನೆನಪಿರಲಿಲ್ಲ. ಗಾಳಿಯಲ್ಲಿ ಕೈ ಆಡಿಸಿ ಯಾವ ಕೀ ಏನು ಮಾಡುತ್ತಿತ್ತು ಅಂತ ಬರೆದುಕೊಂಡೆ.

ಬೇರೆ ಕಡೆ ಹೋದಾಗ ಆ ಫೈಲ್ ಅನ್ನು ಅದೇ ಜಾಗದ ಫೋಲ್ಡರ್‌ಗೆ ಹಾಕಿ, ಪ್ರೀಮಿಯರ್ ಮುಚ್ಚಿ ತೆರೆಯಿರಿ, ಶಾರ್ಟ್‌ಕಟ್ ಕಿಟಕಿಯ ಮೇಲಿನ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಿರುತ್ತದೆ. ಹೊರಡುವಾಗ ಮರೆಯದೆ ಡಿಫಾಲ್ಟ್‌ಗೆ ವಾಪಸ್ ಇಟ್ಟು ಬನ್ನಿ. ನಾನು ಮರೆತು ಬಂದ ದಿನ ರಾತ್ರಿ ಹನ್ನೊಂದಕ್ಕೆ ಆ ಸಿಸ್ಟಮ್‌ನಲ್ಲಿ ಕೂತ ಹುಡುಗನ ಫೋನ್ ಬಂತು: "ಅಣ್ಣಾ, ಸ್ನ್ಯಾಪ್ ಆಫ್ ಮಾಡೋಕೆ ಹೋದ್ರೆ ಪ್ಲೇಹೆಡ್ ಓಡಿ ಹೋಗ್ತಿದೆ, ವೈರಸ್ ಏನಾದ್ರೂ ಬಂದಿದ್ಯಾ?"